ಹೊಳೆಮಗ್ಗುಲಿನ ಹನ್ನೊಂದು ಕಲ್ಲು

1979ನೇ ಇಸವಿ ಜೂನ್ 11, ಸೋಮವಾರ. ಬೆಳಗ್ಗೆ ಒಂಬತ್ತೂಕಾಲಿಗೆ ಹೊಳೆಮಗ್ಗುಲು ಗೃಹನಿರ್ಮಾಣ ಸಂಘದ ಕಾರ್ಯದರ್ಶಿ ಲಕ್ಷ್ಮೀನರಸಿಂಹಯ್ಯನವರು ಠಾಣೆಗೆ ಬಂದು, ಕೊಡೆಯನ್ನು ಬಾಗಿಲಿಗೆ ಒರಗಿಸಿ, ತಮ್ಮ ಸಂಘದ ಕಲ್ಲುಗಳು ಕಳುವಾಗಿವೆ ಎಂದರು.

“ಎಂಥಾ ಕಲ್ಲು?” ಸಬ್‌ಇನ್‌ಸ್ಪೆಕ್ಟರ್ ಮಹಾಲಿಂಗಯ್ಯ ಕೇಳಿದರು.

“ಬಾಂದುಕಲ್ಲು. ಸರ್ವೆಯವರು ಅಳೆದು ನೆಟ್ಟಿದ್ದು. ಹೊಳೆ ಕಡೆ ಸಾಲಿನಲ್ಲಿ ಒಂದರಿಂದ ಹನ್ನೊಂದರ ತನಕ ಒಂದೂ ಇಲ್ಲ.”

“ಕೊನೇ ಸಲ ಯಾವಾಗ ನೋಡಿದ್ರಿ?”

“ಹಿಂದಿನ ಭಾನುವಾರ, ಮೂರನೇ ತಾರೀಖು. ನಾನೇ ನಿಂತು ಕೆಂಪು ಪೇಂಟಲ್ಲಿ ನಂಬರ್ ಬರೆಸಿದೆ. ಮೋಡ ಮುಚ್ಕೊಂಡು ಪೇಂಟ್ ಒಣಗೇ ಇರಲಿಲ್ಲ. ನಿನ್ನೆ ಹೋಗಿ ನೋಡ್ತೀನಿ, ಬರೀ ನೆಲ!”

“ಯಾರ ಮೇಲಾದ್ರೂ ಅನುಮಾನ?”

“ಎಲ್ಲರ ಮೇಲೂ ಇದೆ,” ಎಂದರು ಕಾರ್ಯದರ್ಶಿಗಳು. ಮೂವತ್ತು ವರ್ಷ ಹೆಡ್‌ಮಾಸ್ಟರಾಗಿದ್ದವರು, ಇಡೀ ಕ್ಲಾಸಿಗೇ ಬೆತ್ತ ತೋರಿಸುವುದು ಅವರಿಗೆ ರೂಢಿ. “ಹದಿನೇಳಕ್ಕೆ ಹಕ್ಕುಪತ್ರ ಹಂಚಬೇಕು. ಕಲ್ಲೇ ಇಲ್ಲದೆ ಯಾವ ಸೈಟ್ ತೋರಿಸ್ಲಿ?” ಅವರ ಪಂಚೆಯ ಅಂಚಿನಲ್ಲಿ ಒಂದು ಕೆಂಪು ಗೀರಿತ್ತು. ಹೆಡ್ ಕಾನ್‌ಸ್ಟೇಬಲ್ ಅಂಜಿನಪ್ಪ ಅದನ್ನೇ ನೋಡುತ್ತಿರುವುದು ಕಂಡು, “ಅಗಸರಿಗೆ ಈಗ ಕೆಲಸದ ಮೇಲೆ ನಿಗಾನೇ ಇಲ್ಲ ಬಿಡ್ರಿ,” ಎಂದು ಪಂಚೆ ಮಡಿಸಿಕೊಂಡರು.

ಎಫ್.ಐ.ಆರ್. ಬರೆದವನು ಅಂಜಿನಪ್ಪನೇ. ಠಾಣೆಯಲ್ಲಿ ಅವನ ಅಕ್ಷರಕ್ಕೆ ಸಾಟಿಯಿರಲಿಲ್ಲ. ಭಾರತ ದಂಡ ಸಂಹಿತೆ ಕಲಂ 379, ಕಳ್ಳತನ. ಕಲಂ 434, ಗಡಿ ಗುರುತನ್ನು ಸರಿಸಿದ್ದು. ಬರೆದು ಮುಗಿಸುವಾಗ ಮಹಾಲಿಂಗಯ್ಯ ನಕ್ಕರು.

“ನಿಮ್ಮ ಸೈಟೂ ಅದೇ ಸಾಲಲ್ಲವೇನ್ರೀ ಅಂಜಿನಪ್ಪನವರೇ?”

“ಹೌದು ಸಾರ್. ಹದಿನಾಲ್ಕನೇ ನಂಬರು.”

ಅದನ್ನು ಅಂಜಿನಪ್ಪ ನಗುತ್ತಾ ಹೇಳಲಿಲ್ಲ. ನಿವೃತ್ತಿಗೆ ಇನ್ನು ಹತ್ತು ತಿಂಗಳಿತ್ತು. ಕುಣಿಗಲ್, ತುರುವೇಕೆರೆ, ಶಿರಾ ಎಂದು ಮೂವತ್ತನಾಲ್ಕು ವರ್ಷ ಸುಣ್ಣ ಉದುರುವ ಕ್ವಾರ್ಟರ್ಸುಗಳಲ್ಲೇ ಬದುಕು ಕಳೆದಿದ್ದ. ಹುಟ್ಟಿದ ಹೊಳೆದಂಡೆಯಲ್ಲಿ ಒಂದು ಸ್ವಂತ ಗೋಡೆ ಎಬ್ಬಿಸಿ ಅದಕ್ಕೆ ಬೆನ್ನು ಕೊಟ್ಟು ಕೂರಬೇಕೆಂಬುದೊಂದೇ ಅವನ ಆಸೆ. ಹೆಂಡತಿ ವನಜಮ್ಮ ಆಗಲೇ ತುಳಸಿಕಟ್ಟೆಯ ಜಾಗ ನಿಶ್ಚಯಿಸಿಯೂ ಆಗಿತ್ತು. ಕಲ್ಲು ಸಿಗದಿದ್ದರೆ ಹಂಚಿಕೆ ಇಲ್ಲ, ಹಂಚಿಕೆ ಇಲ್ಲದಿದ್ದರೆ ಮನೆಯೂ ಇಲ್ಲ.

ಹನ್ನೊಂದು ಗಂಟೆಗೆ ಮಹಾಲಿಂಗಯ್ಯ, ಅಂಜಿನಪ್ಪ, ಕಾನ್‌ಸ್ಟೇಬಲ್ ಹೊನ್ನಯ್ಯ ಸ್ಥಳಕ್ಕೆ ಹೋದರು. ಗುಬ್ಬಿ ಪೇಟೆಗೆ ಎರಡು ಮೈಲಿ ದೂರದ ಹೊಳೆಮಗ್ಗುಲಿನಲ್ಲಿ ಅಂಜಿನಪ್ಪನ ಬಾಲ್ಯದ ಕಾಲಕ್ಕೆ ದಿಬ್ಬದ ಮೇಲೆ ತೆಂಗಿನ ತೋಟಗಳು, ಅದರ ಕೆಳಗೆ ಕುಂಬಾರಬೀದಿ, ಇನ್ನೂ ಕೆಳಗೆ ಅಗಸರ ಹಟ್ಟಿ, ಕೊನೆಗೆ ಶಿಂಷಾ. ಹೊಳೆ ಒಂದೇ ಆದರೂ ರೇವು ಬೇರೆಬೇರೆ. ಕುಂಬಾರರು ಮಣ್ಣು ತೆಗೆಯುವ ಗುಂಡಿ ಒಂದು ಕಡೆ, ದನ ಇಳಿಯುವ ರೇವು ಇನ್ನೊಂದು ಕಡೆ, ನಡುವೆ ಅಗಸರ ಮಡು. ಬೆಳಗಾದರೆ ಬಂಡೆಯ ಮೇಲೆ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತಾಗಲೇ ಊರಿಗೆ ಮಧ್ಯಾಹ್ನವಾಯಿತೆಂದು ಲೆಕ್ಕ. ಗಡಿಯಾರ ಇದ್ದದ್ದು ಸ್ಕೂಲಿನಲ್ಲಿ ಮಾತ್ರ. ಆ ಮಡುವಿನಲ್ಲೇ ಅಗಸರ ಕದರಯ್ಯ ಎಂಟು ವರ್ಷದ ಅಂಜಿನಪ್ಪನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದ.

ಈಗ ತೋಟದ ಅರ್ಧ ಹೋಗಿ ರಸ್ತೆಯ ಗೆರೆ ಎಳೆದಿದ್ದರು. ಮಣ್ಣು ತೆಗೆಯುವ ಗುಂಡಿ ಮುಚ್ಚಿ ಪಾರ್ಕು ಮಾಡುತ್ತಾರಂತೆ. ಸಾಲು ಸೈಟುಗಳ ಮಧ್ಯೆ ಹಳೇ ಗಾಡಿದಾರಿಯ ಕತ್ತಾಳೆ ಬೇಲಿಯೊಂದನ್ನು ಮಾತ್ರ ಇನ್ನೂ ಕಡಿದಿರಲಿಲ್ಲ.

ಸ್ಥಳ ಪಂಚನಾಮೆ ಶುರುವಾಯಿತು. ಕಲ್ಲು ಇದ್ದ ಹನ್ನೊಂದು ಜಾಗವನ್ನೂ ಕಾರ್ಯದರ್ಶಿ ತೋರಿಸಿದರು. ಅಂಜಿನಪ್ಪ ಒಂದೊಂದರ ಮುಂದೂ ಕೂತು ನೋಡಿದ.

“ಸಾರ್, ಕಿತ್ತ ಗುಂಡಿನೆಲ್ಲ ಮುಚ್ಚವ್ರೆ. ಮೇಲೆ ಕಾಲಲ್ಲಿ ತುಳಿದು ಮಟ್ಟ ಮಾಡವ್ರೆ.”

“ಅದಕ್ಕೇನೀಗ?”

“ಕಳ್ಳ ಯಾಕೆ ಗುಂಡಿ ಮುಚ್ತಾನೆ? ದನ ಕಾಲು ಮುರ್ಕೊಂಡ್ರೆ ಅವನಿಗೇನು?”

ಮಹಾಲಿಂಗಯ್ಯ ಹುಬ್ಬೇರಿಸಿ, “ಅದನ್ನೂ ಬರ್ಕೊಳ್ಳಿ,” ಎಂದರು.

ಮೊದಲು ಕರೆಸಿದ್ದು ಕುಂಬಾರರ ಸಿದ್ದಯ್ಯನನ್ನು. ಮಣ್ಣಿನ ಗುಂಡಿ ಹೋದ ಸಿಟ್ಟಿಗೆ ಅವನು ಸಂಘದ ಬೋರ್ಡಿಗೆ ಸಗಣಿ ಎರಚಿದ್ದ ಸಂಗತಿ ಊರಿಗೇ ಗೊತ್ತಿತ್ತು.

“ಕಲ್ಲು ಎಲ್ಲಿ?”

“ಯಾವ ಕಲ್ಲು ಸ್ವಾಮಿ?”

“ನಾಟಕ ಬೇಡ. ಬೋರ್ಡಿಗೆ ಸಗಣಿ ಹಾಕಿದವನು ನೀನೇ ತಾನೆ?”

“ಅದು ನಾನೇ. ಕೇಳಿದ್ರೆ ಇನ್ನೊಂದ್ ದಪ ಹಾಕ್ತೀನಿ. ಕಲ್ಲು ತಕ್ಕೊಂಡು ನಾನೇನು ಮಡಕೆ ಮಾಡ್ಲಾ? ಮಣ್ಣು ಕದ್ದವ್ರೆ ಅಂತ ನಾನು ಕಂಪ್ಲೇಂಟ್ ಕೊಡ್ಬೇಕಾಗಿತ್ತು, ತಕ್ಕಳಿ, ನನ್ನನ್ನೇ ಕರ್ಸವ್ರೆ!”

ಹೊನ್ನಯ್ಯ ಬಾಯಿಗೆ ಕೈ ಅಡ್ಡ ಹಿಡಿದ. ಸಿದ್ದಯ್ಯ ಆ ವಾರವಿಡೀ ಊರ್ಡಿಗೆರೆಯಲ್ಲಿ ಮಗಳ ಮನೆಯಲ್ಲಿದ್ದನೆಂದು ಸಂಜೆಗೆ ಖಾತ್ರಿಯಾಯಿತು. ಮರುದಿನ, ಹನ್ನೆರಡನೇ ತಾರೀಖು, ಹೊನ್ನಯ್ಯ ಸೈಕಲ್ ತುಳಿದು ಸುತ್ತಲಿನ ಕಲ್ಲುಕುಟಿಗರ ಅಡ್ಡೆಗಳನ್ನೆಲ್ಲ ನೋಡಿದ. ಹೊಳೆಯಲ್ಲಿ ಇಬ್ಬರನ್ನು ಮುಳುಗಿಸಿ ಹುಡುಕಿಸಿದ್ದೂ ಆಯಿತು. ಕದ್ದವನು ಕೆಳಕ್ಕೋ ಊರಾಚೆಗೋ ಸಾಗಿಸುತ್ತಾನೆಂದೇ ಎಲ್ಲರ ತಲೆಯಲ್ಲಿತ್ತು. ದಿಬ್ಬದ ಮೇಲ್ಗಡೆಗೆ ಯಾರೂ ಕತ್ತು ಎತ್ತಲಿಲ್ಲ.

ಹದಿಮೂರನೇ ತಾರೀಖು ಮಧ್ಯಾಹ್ನ ಅಂಜಿನಪ್ಪ ಊಟಕ್ಕೆ ಮನೆಗೆ ಹೋದಾಗ ವನಜಮ್ಮ ಉರಿಯುತ್ತಿದ್ದಳು. ಅಗಸರ ಕದರಯ್ಯನ ಸೊಸೆ ಚಿಕ್ಕಮಾರಮ್ಮ ಆಗಷ್ಟೇ ಒಗೆದ ಬಟ್ಟೆಯ ಗಂಟು ಇಳಿಸಿ ಹೋಗಿದ್ದಳು.

“ನೋಡ್ರೀ ಇಲ್ಲಿ, ಹಾಸಿಗೆ ದುಪ್ಪಟಿ ಗತಿ! ಎರಡು ಸಲ ಉಬ್ಬೆಗೆ ಹಾಕಿದ್ರೂ ಹೋಗ್ಲಿಲ್ಲ ಕಣಕ್ಕ ಅಂತಾಳೆ. ಒಗೆಯೋಕೆ ಕೊಟ್ಟಿದ್ದೋ, ಬಣ್ಣ ಹಾಕೋಕೆ ಕೊಟ್ಟಿದ್ದೋ?”

ದುಪ್ಪಟಿಯ ನಡುವೆ ಕೆಂಪಗೆ ಒಂದು ಅಚ್ಚು ಬಿದ್ದಿತ್ತು. ಅಂಜಿನಪ್ಪ ಅದನ್ನು ಬೆಳಕಿಗೆ ಹಿಡಿದು ಹಿಂದುಮುಂದು ಮಾಡಿ ನೋಡಿದ. ಹಿಂದಿನಿಂದ ನೋಡಿದರೆ ಸರಿಯಾಗಿ ಕಂಡಿತು: ಏಳು. ಏಳನೇ ನಂಬರಿನ ಕಲ್ಲು ಅಂಜಿನಪ್ಪನದೇ ಹಾಸಿಗೆಯ ಬಟ್ಟೆಯಲ್ಲಿ ಸುತ್ತಿಕೊಂಡು ಪ್ರಯಾಣ ಮಾಡಿತ್ತು. ಕಾರ್ಯದರ್ಶಿಗಳ ಪಂಚೆಯ ಗೀರಿನ ಗುಟ್ಟೂ ಅದೇ. ಅಗಸನ ಕತ್ತೆಯ ಮೇಲಿನ ಬಟ್ಟೆಗಂಟಿನ ಒಳಗೇನಿದೆ ಎಂದು ಜಗತ್ತಿನಲ್ಲಿ ಯಾರಾದರೂ ಬಿಚ್ಚಿ ನೋಡಿದ್ದುಂಟೇ?

ಮುದ್ದೆ ತಟ್ಟೆಯಲ್ಲೇ ಆರಿತು. ಕದರಣ್ಣ! ಎಪ್ಪತ್ತು ದಾಟಿದ ಮುದುಕ, ಇನ್ನೊಬ್ಬರ ಒಂದು ಕರ್ಚೀಫನ್ನೂ ಉಳಿಸಿಕೊಂಡವನಲ್ಲ. ದುಪ್ಪಟಿಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗದು ಎಂದು ಅಂಜಿನಪ್ಪನ ಮನಸ್ಸಿಗೆ ಬಾರದೆ ಇರಲಿಲ್ಲ. ಆದರೆ ಹಾಗೆ ಮಾಡಿದರೆ ಹದಿನಾಲ್ಕನೇ ನಂಬರೂ ಟ್ರಂಕಿನ ತಳಕ್ಕೇ ಹೋದ ಹಾಗೆ. ಮೂವತ್ತನಾಲ್ಕು ವರ್ಷ ಹಾಕಿದ ಖಾಕಿಯೂ ಅಷ್ಟು ಸಲೀಸಾಗಿ ಮೈ ಬಿಡುವುದಿಲ್ಲ. ಹದಿನಾಲ್ಕನೇ ತಾರೀಖು, ಗುರುವಾರ ಬೆಳಗ್ಗೆ ಎಂಟಕ್ಕೆ ಅವನು ದುಪ್ಪಟಿಯನ್ನು ಸಾಹೇಬರ ಮೇಜಿನ ಮೇಲಿಟ್ಟ. ಮಹಜರು ಬರೆದು ಜಪ್ತಿ ಮಾಡಿದರು.

ಹನ್ನೆರಡೂವರೆಗೆ ಅವರು ಅಗಸರ ಮಡುವಿಗೆ ಹೋದಾಗ ಬಟ್ಟೆ ಬಡಿಯುವ ಸದ್ದು ಆಗತಾನೆ ನಿಂತಿತ್ತು. ಕದರಯ್ಯ ಬಂಡೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ಪಕ್ಕದಲ್ಲಿ ಕತ್ತೆ ಹಸಿಹುಲ್ಲು ಹುಡುಕುತ್ತಿತ್ತು. ಪೊಲೀಸರನ್ನು ಕಂಡು ಅವನು ಗಾಬರಿಯಾಗಲಿಲ್ಲ, ಕೈ ತೊಳೆದುಕೊಂಡು ಎದ್ದು ನಿಂತ.

“ಕಲ್ಲು ಸಾಗಿಸಿದ್ದು ನೀನಾ?” ಮಹಾಲಿಂಗಯ್ಯ ಕೇಳಿದರು.

“ನಾನೇ ಸ್ವಾಮಿ.”

“ಎಷ್ಟು?”

“ಹನ್ನೊಂದೂವೆ.”

“ಯಾರು ಹೇಳಿ ಮಾಡಿಸಿದ್ರು?”

“ಯಾರೂ ಇಲ್ಲ. ನಾನೂ ಕತ್ತೆನೂವೆ. ಅದಕ್ಕೇನೂ ತಿಳೀದು ಪಾಪ.”

“ಎಲ್ಲಿಟ್ಟಿದ್ದೀಯ?”

“ಬನ್ನಿ. ಯಾವಾಗ ಬತ್ತೀರೋ ಅಂತ ನಾಕು ದಿನದಿಂದ ಕಾಯ್ತಾ ಇವ್ನಿ,” ಎಂದು ಮುದುಕ ಹೊಳೆಗೆ ಬೆನ್ನು ಹಾಕಿ ದಿಬ್ಬ ಹತ್ತತೊಡಗಿದ.

ಮೂವತ್ತು ಮಾರು ಮೇಲೆ, ಹಳೇ ಗಾಡಿದಾರಿಯ ಕತ್ತಾಳೆ ಬೇಲಿಯ ಸಂದಿಯಲ್ಲಿ ಹನ್ನೊಂದು ಕಲ್ಲುಗಳೂ ನಿಂತಿದ್ದವು. ಎಸೆದಿರಲಿಲ್ಲ, ಅಡಗಿಸಿರಲೂ ಇಲ್ಲ. ಅಳತೆ ಮಾಡಿ ಸಾಲಾಗಿ ನೆಟ್ಟು, ಬುಡಕ್ಕೆ ಮಣ್ಣು ತುಳಿದಿದ್ದ. ಒಂದನೇ ನಂಬರಿನ ಕಲ್ಲಿಗೆ ಮಾತ್ರ ಅರಿಶಿನ ಬಳಿದು ಒಂದು ಹೂವಿಟ್ಟಿದ್ದ. ಅಂಜಿನಪ್ಪ ಆ ಕಲ್ಲಿನ ಮುಂದೆ ನಿಂತುಬಿಟ್ಟ. ಕೆಂಪು ಪೇಂಟಿನ ಕೆಳಗೆ ಅದರ ಬೋಳುತಲೆಯ ಗುರುತು ಸಿಕ್ಕಿತು.

“ಇದು ಗಂಗಮ್ಮನ ಕಲ್ಲಲ್ವಾ ಕದರಣ್ಣ?”

“ಹೂಂ ಕಣಪ್ಪ. ಸರ್ವೆಯವ್ರು ಬಂದೋರು ಇದನ್ನೂ ಬಾಂದುಕಲ್ಲು ಅಂದ್ಕೊಂಡ್ರು. ಇದ್ರಿಂದ್ಲೇ ಟೇಪು ಹಿಡ್ದು ಮಿಕ್ಕ ಹತ್ತನ್ನೂ ನೆಟ್ರು.”

ಮಹಾಲಿಂಗಯ್ಯ ಬೇರೆ ಊರಿನವರು. ಅಂಜಿನಪ್ಪ ಅವರಿಗೆ ಬಿಡಿಸಿ ಹೇಳಿದ. ಹೊಳೆ ಒಮ್ಮೆ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಹಿರಿಯರು ಒಂದು ಕಲ್ಲು ನೆಟ್ಟಿದ್ದರು. ಕಲ್ಲಿನ ಕೆಳಗಿನದು ಗಂಗಮ್ಮನದು, ಅಲ್ಲಿ ಸೌತೆಬಳ್ಳಿ ಹಬ್ಬಿಸಬಹುದು, ಒಲೆ ಹೂಡಬಾರದು. ಮೇಲಿನದು ಮನುಷ್ಯರದು. ಪ್ರತಿ ವರ್ಷ ಹೊಳೆಗೆ ಹೊಸನೀರು ಬಂದ ದಿನ ಊರೆಲ್ಲ ಪೂಜೆಗೆ ಇಳಿಯುತ್ತಿತ್ತು. ಕಲ್ಲಿನವರೆಗೂ ನೆಲಕ್ಕೆ ಒಗೆದ ಪಂಚೆಗಳ ನಡೆಮಡಿ ಹಾಸುವುದು ಅಗಸರ ಹಕ್ಕು. ಕಲ್ಲು ತೊಳೆದು ಸುಣ್ಣ ಬಳಿಯುವುದೂ ಅವರದೇ. ಬಿಳೀ ಬಟ್ಟೆಯ ಮೇಲೆ ಹೆಂಗಸರು ಕಳಸ ಹೊತ್ತು ನಡೆದರೆ ಪುಟ್ಟ ಮಕ್ಕಳು ಆಚೀಚೆ ಓಡುತ್ತಿದ್ದರು. ನಡೆಮಡಿಗೆ ಮಣ್ಣುಗಾಲು ಹಾಕಿದವನ ಕಿವಿಯನ್ನು ಕದರಯ್ಯ ಹಿಂಡುತ್ತಿದ್ದ, ಆಮೇಲೆ ಅವನಿಗೇ ಮೊದಲು ಚರ್ಪು ಕೊಡುತ್ತಿದ್ದ. ಆ ಕಡಲೆ ಬೆಲ್ಲದ ರುಚಿ ಹೇಳುವಾಗಲೂ ಅಂಜಿನಪ್ಪನ ನಾಲಿಗೆಗೆ ಬಂತು.

“ಪೂಜೆ ಯಾಕೆ ನಿಂತುಹೋಯ್ತು?” ಸಾಹೇಬರು ಕೇಳಿದರು.

ಅಂಜಿನಪ್ಪ ಹೊಳೆಯ ಕಡೆ ನೋಡುತ್ತಾ ಅದನ್ನೂ ಹೇಳಿದ. ಐವತ್ತಾರನೇ ಇಸವಿ ಅಕ್ಟೋಬರಿನಲ್ಲಿ ದೇವರಾಯನದುರ್ಗದ ಕಡೆ ಮೂರು ದಿನ ಮಳೆ ಹುಯ್ದು ಹೊಳೆ ಬಂತು. ಅವನ ತಂಗಿ ಸಿದ್ದಲಕ್ಷ್ಮಮ್ಮ ಮದುವೆಯಾಗಿ ಗಂಡನೊಡನೆ ಕಲ್ಲಿಗಿಂತ ಹತ್ತು ಮಾರು ಮೇಲೆ ಗುಡಿಸಲು ಹಾಕಿಕೊಂಡಿದ್ದಳು. ‘ಕಲ್ಲಿನ ಮೇಲಿದೀವಿ, ಗಂಗಮ್ಮ ಇಲ್ಲಿಗೆ ಬರಾಕಿಲ್ಲ’ ಎಂದು, ಎಲ್ಲರೂ ದಿಬ್ಬ ಹತ್ತಿದರೂ, ಕರುವಿನ ಹಗ್ಗ ಬಿಚ್ಚಲು ಹಿಂದೆ ಹೋದಳು. ಕುಣಿಗಲ್ ಠಾಣೆಯಲ್ಲಿದ್ದ ಅಂಜಿನಪ್ಪ ಬರುವ ಹೊತ್ತಿಗೆ ಅವಳನ್ನು ದಿಬ್ಬದ ಮೇಲೆ ಮಲಗಿಸಿದ್ದರು. ಗಂಗಮ್ಮ ಕೊಟ್ಟ ಮಾತು ಮೀರಿದಳು, ಕಲ್ಲು ಸುಳ್ಳು ಹೇಳಿತು ಎಂದು ಊರು ಪೂಜೆ ಬಿಟ್ಟಿತು. ಅಂಜಿನಪ್ಪ ಆವತ್ತು ಕಲ್ಲಿಗೆ ಉಗಿದು ಹೋದವನು. ಸುಳ್ಳು ಕಲ್ಲಿನ ಪಕ್ಕ ಸೈಟು ಕೊಳ್ಳುವಾಗ ಅವನಿಗೆ ಅಳುಕಾಗಲಿಲ್ಲ. ಹೆದರಬೇಕಾದ ಗೆರೆ ಒಂದಿದೆ ಎಂಬ ನಂಬಿಕೆಯೇ ಹೋಗಿತ್ತು.

“ಕಲ್ಲು ಸುಳ್ಳು ಹೇಳ್ಲಿಲ್ಲ ಕಣಪ್ಪ,” ಎಂದ ಕದರಯ್ಯ. “ಅದು ಮೊದ್ಲು ಇದ್ದಿದ್ದೇ ಇಲ್ಲಿ, ಈ ಕತ್ತಾಳೆ ತಾವು. ಕೆಳಕ್ಕೆ ಇಳಿಸ್ದೋನು ನಾನು.”

ಮುದುಕ ಕಲ್ಲಿನ ಬುಡಕ್ಕೆ ಕೂತ.

“ನನ್ನ ಹೆಂಡ್ರಿಗೆ ಸೊಂಟ ಹೋಗಿತ್ತು. ಒದ್ದೆ ಬಟ್ಟೆ ಹೊತ್ಕೊಂಡು ದಿಬ್ಬ ಹತ್ತಾಕೆ ಆಗ್ತಿರಲಿಲ್ಲ. ಮಡುವಿನ ತಾವೇ ಹಟ್ಟಿ ಹಾಕಾನ ಅಂದ್ರೆ ಕಲ್ಲು ಅಡ್ಡ. ಸುಣ್ಣ ಬಳಿಯೋನು ನಾನೇ ಅಲ್ವಾ? ವರ್ಸಕ್ಕೆ ಮೂರು ಮಾರು ಇಳಿಸ್ದೆ. ಹತ್ತು ವರ್ಸ. ನಡೆಮಡಿ ಒಂದೊಂದ್ ಪಂಚೆ ಜಾಸ್ತಿ ಹಾಸ್ತಿದ್ದೆ, ಯಾರ್ಗೂ ತಿಳೀಲಿಲ್ಲ. ನೀನು ಊರಲ್ಲಿರ್ಲಿಲ್ಲ, ಪೊಲೀಸ್ ಸೇರಿದ್ದೆ. ನಾನು ಹಟ್ಟಿ ಹಾಕ್ದೆ. ನನ್ನ ನೋಡಿ ನಾಕ್ ಜನ ಹಾಕ್ಕೊಂಡ್ರು. ನಿನ್ ತಂಗೀನೂ ಹಾಕ್ಕೊಂಡ್ಳು.”

“ಹೊಳೆ ಬಂದಾಗ ನೀನೆಲ್ಲಿದ್ದೆ?” ಸಾಹೇಬರ ದನಿ ತಗ್ಗಿತ್ತು.

“ಗೂಳೂರಿಗೆ ಮದುವೆಗೆ ಹೋಗಿದ್ದೋ ಸ್ವಾಮಿ, ಮನೆ ಮಂದಿಯೆಲ್ಲ. ನಮಗೆ ಮಡಕೆ ಕುಡಿಕೆ ಹೋದವು ಅಷ್ಟೆ.”

“ಅವತ್ತೇ ಯಾಕೆ ಹೇಳ್ಲಿಲ್ಲ?” ಇದನ್ನು ಕೇಳಿದವನು ಅಂಜಿನಪ್ಪ. ಅದು ಪೊಲೀಸ್ ಪ್ರಶ್ನೆಯಾಗಿರಲಿಲ್ಲ.

“ಹೇಳಾಕೆ ಅಂತ್ಲೇ ಬಂದೆ ಕಣಪ್ಪ. ನೀನು ಅವಳ ತಲೆ ತೊಡೆ ಮೇಲಿಟ್ಕೊಂಡು ಕುಂತಿದ್ದೆ. ನನ್ನ ನೋಡಿ, ‘ಕದರಣ್ಣ, ಇವಳಿಗ್ಯಾಕೆ ಈಜು ಕಲಿಸ್ಲಿಲ್ಲ’ ಅಂದೆ. ಬಾಯಿ ಬರ್ಲಿಲ್ಲ. ಆಮೇಲೆ ಇಪ್ಪತ್ಮೂರು ವರ್ಸ ಬರ್ಲೇ ಇಲ್ಲ.”

ಅಂಜಿನಪ್ಪ ಕ್ಯಾಪು ತೆಗೆದು ಮತ್ತೆ ಹಾಕಿಕೊಂಡ. ಕೈಯಲ್ಲಿದ್ದ ಲಾಠಿಯನ್ನು ಹೊನ್ನಯ್ಯನಿಗೆ ಕೊಟ್ಟ. ಅದು ತನ್ನ ಕೈಯಲ್ಲಿರುವುದು ಆ ಗಳಿಗೆಯಲ್ಲಿ ಬೇಡವೆನಿಸಿತು.

“ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಸರಿಸಿದೆ?” ಮಹಾಲಿಂಗಯ್ಯ ಕೇಳಿದರು.

“ಈ ಕೆಳಗಡೆ ಹನ್ನೆರಡು ಮನೆ ಏಳ್ತಾವೆ. ಸಂಘದ ಆಫೀಸ್ಗೆ ಮೂರ್ ಸಲ ಹೋದೆ. ಹೊಳೆ ಇಲ್ಲಿಗಂಟ ಬತ್ತದೆ, ಬರ್ಕಳಿ ಅಂದೆ. ‘ಏನ್ ದಾಖಲೆ ಇದೆ’ ಅಂದ್ರು. ನನ್ ತಾವ ಏನಿದ್ದಾತು? ಕಲ್ಲು ಕದ್ರೆ ಪೊಲೀಸ್ನೋರು ಬತ್ತಾರೆ, ಎಲ್ಲಿತ್ತು ಎಲ್ಲಿಟ್ಟ ಅಂತ ಅಳೆದು ಬರ್ಕತಾರೆ ಅಂತ ಯಾರೋ ಅಂದ್ರು.”

“ಈಗ ನೀನು ಹೇಳೋದಕ್ಕೂ ದಾಖಲೆ ಬೇಕಲ್ಲ ಮಾರಾಯ. ಇಲ್ಲೇ ಇತ್ತು ಅನ್ನೋದಕ್ಕೆ ಏನು ಸಾಕ್ಷಿ?”

“ಅಗೆದು ನೋಡಿ ಸ್ವಾಮಿ. ಕಲ್ಲು ನೆಡೋವಾಗ ಅಡೀಲಿ ಇದ್ದಿಲು, ಮಡಕೆ ಚೂರು ಹಾಕ್ತಿದ್ರು ಹಿರೀಕ್ರು. ಮಣ್ಣು ತಿಂದ್ರೂ ಇದ್ಲು ಕೊಳೆಯಾಕಿಲ್ಲ ಅಂತ. ನಾನು ಕಲ್ಲು ಇಳಿಸ್ದೆ. ಇದ್ಲು ಇಳಿಸ್ಲಿಲ್ಲ.”

ಪಂಚರಾಗಿ ಕುಂಬಾರ ಸಿದ್ದಯ್ಯನನ್ನೂ ತೋಟದ ಪುಟ್ಟರಂಗಯ್ಯನನ್ನೂ ಕರೆಸಿದರು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಒಂದನೇ ನಂಬರಿನ ಕಲ್ಲನ್ನು ಎತ್ತಿ ಹೊನ್ನಯ್ಯ ಹಾರೆ ಹಾಕಿದ. ಎರಡು ಅಡಿ ಹೋಗುವಷ್ಟರಲ್ಲಿ ಮಣ್ಣು ಕಪ್ಪಾಯಿತು. ಹಿಡಿ ಹಿಡಿಯಾಗಿ ಇದ್ದಿಲು ಬಂತು, ಜೊತೆಗೆ ದಪ್ಪ ಮಡಕೆಯ ಚೂರುಗಳು. ಸಿದ್ದಯ್ಯ ಒಂದನ್ನು ಉಜ್ಜಿ ನೋಡಿ, “ನಮ್ಮ ತಾತನ ಕಾಲದ ಸುಡುವು ಇದು. ಈಗ ಇಷ್ಟು ದಪ್ಪಕ್ಕೆ ಯಾರು ತಟ್ತಾರೆ,” ಎಂದ. ಬೋರ್ಡಿಗೆ ಸಗಣಿ ಎರಚಿದ ಕೈಯಲ್ಲಿ ಆ ಚೂರನ್ನು ಕೂಸಿನ ಹಾಗೆ ಹಿಡಿದುಕೊಂಡಿದ್ದ.

ಪಂಚನಾಮೆ ಬರೆಯಲು ಅಂಜಿನಪ್ಪ ಕತ್ತಾಳೆ ನೆರಳಿನಲ್ಲಿ ಕೂತ. ಟೇಪು ಹಿಡಿದು ಅಳೆದರು. ಹೊಳೆಯ ದಡದಿಂದ ಹಳೆಯ ಜಾಗಕ್ಕೆ ಎಷ್ಟು, ಸಂಘದ ಗೆರೆಗೆ ಎಷ್ಟು, ನಡುವೆ ಬೀಳುವ ಸೈಟುಗಳು ಯಾವುವು. ಹತ್ತನೇ ನಂಬರಿನಿಂದ ಇಪ್ಪತ್ತೊಂದರವರೆಗೆ. ಮಹಾಲಿಂಗಯ್ಯ ಅವನ ಪಕ್ಕಕ್ಕೆ ಬಂದು ಬಗ್ಗಿದರು.

“ಕಲ್ಲು ಸಿಕ್ತು, ಆರೋಪಿ ಒಪ್ಪಿಕೊಂಡ. ಇಷ್ಟು ಬರೆದರೆ ಕೇಸಿಗೆ ಸಾಕು. ಇದ್ದಿಲಿನ ವಿಚಾರ, ಸೈಟ್ ನಂಬರು ಬರೆದ್ರೆ ನಾಳೆ ಇದು ಕೋರ್ಟಿನ ಕಾಗದ ಆಗುತ್ತೆ. ಆ ಸಾಲಿಗೆ ಯಾರೂ ಲೈಸೆನ್ಸ್ ಕೊಡಲ್ಲ. ನಿಮ್ಮದೂ ಹೋಗುತ್ತೆ ಅಂಜಿನಪ್ಪನವರೇ. ಯೋಚನೆ ಮಾಡಿ.”

ಅಂಜಿನಪ್ಪ ಕೆಳಗೆ ನೋಡಿದ. ಹದಿನಾಲ್ಕನೇ ನಂಬರು, ತುಳಸಿಕಟ್ಟೆಯ ಜಾಗ. ಸಿದ್ದಲಕ್ಷ್ಮಮ್ಮ ಕರು ಕಟ್ಟುತ್ತಿದ್ದದ್ದೂ ಸುಮಾರು ಅಲ್ಲೇ.

“ಗೆರೆ ಎಲ್ಲಿದೆಯೋ ಅಲ್ಲೇ ಬರೀಬೇಕು ಸಾರ್,” ಎಂದ.

ಬರೆದದ್ದನ್ನು ನಿಯಮದಂತೆ ಎಲ್ಲರಿಗೂ ಓದಿ ಹೇಳಿದ. ಸೈಟುದಾರರ ಹೆಸರುಗಳ ಸಾಲಿನಲ್ಲಿ ತನ್ನ ಹೆಸರು ಬಂದಾಗಲೂ ನಿಲ್ಲಿಸದೆ ಓದಿದ. ಕದರಯ್ಯ ಹೆಬ್ಬೆಟ್ಟು ಒತ್ತಿ, “ಬರ್ಕೊಂಡ್ರಲ್ಲ, ಸಾಕು,” ಎಂದು ಕತ್ತೆಯ ಹಗ್ಗವನ್ನು ಸಿದ್ದಯ್ಯನ ಕೈಗೆ ಕೊಟ್ಟ. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಕೋಳ ಹಾಕಲಿಲ್ಲ. ಅಂಜಿನಪ್ಪ ಅವನಿಂದ ನಾಲ್ಕು ಹೆಜ್ಜೆ ದೂರದಲ್ಲೇ ಠಾಣೆಯವರೆಗೂ ನಡೆದ.

ಕದಿಯುವ ಉದ್ದೇಶವಿರಲಿಲ್ಲವೆಂದು ಕಳ್ಳತನದ ಆರೋಪ ಬಿದ್ದುಹೋಯಿತು. ಗಡಿಗುರುತು ಸರಿಸಿದ್ದಕ್ಕೆ ಮ್ಯಾಜಿಸ್ಟ್ರೇಟರು ಆ ದಿನ ಕೋರ್ಟು ಏಳುವವರೆಗೆ ಸಜೆ ವಿಧಿಸಿದರು. ಮುದುಕ ಕೋರ್ಟಿನ ಮೂಲೆಯಲ್ಲಿ ಸಂಜೆಯವರೆಗೆ ಕೂತು, ಎದ್ದು, ಬಸ್ಸು ಹತ್ತಿ ಊರಿಗೆ ಹೋದ. ಸಂಘದವರು ಹನ್ನೆರಡು ಸೈಟು ಕೈಬಿಟ್ಟರು. ಲಕ್ಷ್ಮೀನರಸಿಂಹಯ್ಯನವರು ಗೊಣಗಿದರಾದರೂ ನಕ್ಷೆಯಲ್ಲಿ ಆ ಗೆರೆಯನ್ನು ತಮ್ಮ ಕೈಯಾರೆ ಎಳೆದರು. ಅಂಜಿನಪ್ಪನಿಗೆ ಸಿಕ್ಕಿದ್ದು ರೈಲ್ವೆ ಗೇಟಿನ ಪಕ್ಕದ ಸೈಟು. ಅಲ್ಲಿಂದ ಹೊಳೆ ಕಾಣುವುದಿಲ್ಲ. ಆಮೇಲೆ ಶಿಂಷಾ ಅಷ್ಟು ಮೇಲೆ ಬಂದಿಲ್ಲ. ಬರುವುದೇ ಇಲ್ಲ ಎಂದು ಮಾತ್ರ ಹೊಳೆಮಗ್ಗುಲಿನಲ್ಲಿ ಈಗ ಯಾರೂ ಹೇಳುವುದಿಲ್ಲ.

ಕೇಸಿಗೆ ಜಪ್ತಿಯಾದ ಮುದ್ದೆಮಾಲು ವಾಪಸು ಬರಲು ವರ್ಷವಾಯಿತು. ನಿವೃತ್ತನಾದ ಅಂಜಿನಪ್ಪ ಸಹಿ ಹಾಕಿ ದುಪ್ಪಟಿಯನ್ನು ಬಿಡಿಸಿಕೊಂಡು ಬಂದ. ಒರಸುಬಟ್ಟೆ ಮಾಡ್ತೀನಿ ಕೊಡಿ ಎಂದು ವನಜಮ್ಮ ಕೈಚಾಚಿದರೂ ಕೊಡಲಿಲ್ಲ. ವರ್ಷದಿಂದ ಕಾಲಿಡದ ಅಗಸರ ಮಡುವಿಗೆ ಅದನ್ನು ಬಗಲಲ್ಲಿಟ್ಟುಕೊಂಡು ಇಳಿದು ಹೋದ. ಹೊಳೆಗೆ ಹೊಸನೀರು ಬಂದಿತ್ತು.

ಕದರಯ್ಯ ಕೈಯಲ್ಲಿದ್ದ ಬಟ್ಟೆಯನ್ನು ಬಂಡೆಯ ಮೇಲೇ ಬಿಟ್ಟು ಎದ್ದ. ಅಂಜಿನಪ್ಪ ದುಪ್ಪಟಿ ಚಾಚಿದ.

“ಒಗೆಯಾಕೆ ಕೊಡ್ತಾ ಇದೀಯಾ?” ಮುದುಕನಿಗೆ ನಂಬಿಕೆ ಬರಲಿಲ್ಲ. ಬಿಡಿಸಿ, ಏಳನೇ ನಂಬರಿನ ಅಚ್ಚನ್ನು ಹೆಬ್ಬೆರಳಿನಿಂದ ಉಜ್ಜಿದ. “ಈ ಬಣ್ಣ ಹೋಗಾಕಿಲ್ಲ ಕಣಪ್ಪ.”

“ಹೋಗ್ದಿದ್ರೆ ಬುಡು ಕದರಣ್ಣ,” ಎಂದ ಅಂಜಿನಪ್ಪ. “ಒಗ್ದು ಮಡಿ ಮಾಡು. ನಾಳೆ ಕಲ್ಲಿನ ತಾವ ನಡೆಮಡಿ ಹಾಸಾಕೆ ಬೇಕು.”